ಸೂಪರ್‌ಸೀಡ್‌ಗೆ ಎರಡು ಕಡೆಯೂ ‘ಎಸ್’

ಹಳೆಯದರ ಸ್ಥಾನವನ್ನು ಹೊಸದು ತೆಗೆದುಕೊಳ್ಳುವುದು ಎಂಬ ಅರ್ಥದ ಇಂಗ್ಲಿಷಿನ ‘ಸೂಪರ್‌ಸೀಡ್’ ಕ್ರಿಯಾಪದದಲ್ಲಿ ‘ಸೂಪರ್’ ಆದ ಮೇಲೆ ಬರಬೇಕಾದ ಅಕ್ಷರಗಳು ಎಸ್-ಇ-ಡಿ-ಇ. ನನ್ನ ಕೈ ಹಾದುಹೋದ ಎಷ್ಟೋ ಕಡತಗಳಲ್ಲಿ ಆ ಎಸ್ ಇರಬೇಕಾದ ಜಾಗದಲ್ಲಿ ಸಿ ಇರುತ್ತಿತ್ತು. ಕೆಳಗೆ ಸಹಿ, ಮೊಹರು, ಪ್ರತಿ ಹೋಗಬೇಕಾದ ಕಚೇರಿಗಳ ಪಟ್ಟಿ ಎಲ್ಲವೂ ಕ್ರಮವಾಗಿರುತ್ತಿದ್ದವು. ಇಡೀ ಆದೇಶಕ್ಕೆ ಬಲ ಕೊಡುವ ಆ ಒಂದು ಪದ ಮಾತ್ರ ತಪ್ಪಾಗಿ ಕುಳಿತಿರುತ್ತಿತ್ತು.

ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಶೀಘ್ರಲಿಪಿಗಾರ್ತಿಯಾಗಿ ಸೇರಿ, ಅದೇ ವೃತ್ತಿಯಲ್ಲಿ ನಿವೃತ್ತಳಾದವಳು ನಾನು. ಈಗ ಮೈಸೂರಿನ ಮನೆಯಲ್ಲಿ ಸಂಜೆ ಹೊತ್ತು, ಶೀಘ್ರಲಿಪಿ ಪರೀಕ್ಷೆಗೆ ಕಟ್ಟಿರುವ ಕೆಲವು ಹುಡುಗಿಯರಿಗೆ ಡಿಕ್ಟೇಶನ್ ಕೊಡುತ್ತೇನೆ. ಇಂಗ್ಲಿಷ್ ಸೀನಿಯರ್ ಪರೀಕ್ಷೆಗೆ ಓದುತ್ತಿರುವ ಒಬ್ಬಳು ಮೊನ್ನೆ, “ಮೇಡಂ, ಡಿಕ್ಷನರಿಯಲ್ಲಿ ಎರಡೂ ರೂಪ ಇದೆ. ಯಾವುದನ್ನು ಬರೆದರೂ ನಡೆಯುತ್ತದೆ ಅಲ್ಲವೇ?” ಎಂದು ಕೇಳಿದಳು. ನಡೆಯುವುದಿಲ್ಲ ಎಂದೆ. ಏಕೆ ನಡೆಯುವುದಿಲ್ಲ ಎಂಬುದನ್ನು ಅವಳಿಗೆ ಹೇಳಿದ್ದಕ್ಕಿಂತ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ಕೇವಲ ಕಾಗುಣಿತದ ಹಟ ಎಂದು ಯಾರೂ ಭಾವಿಸಬಾರದು. ಈ ಪದವನ್ನು ಸರಿಯಾಗಿ ಬರೆಯಲು ಬಂದವರಿಗೆ ಅದನ್ನು ಸರಿಯಾದ ಜಾಗದಲ್ಲಿ ಬಳಸಲೂ ಬರುತ್ತದೆ ಎಂಬುದು ನನ್ನ ಅನುಭವ.

ತಪ್ಪು ಹುಟ್ಟುವುದು ಕಿವಿಯಲ್ಲಿ. ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿಯು ಧ್ವನಿಯನ್ನು ಬರೆಯುವ ಲಿಪಿ. ‘ಸ’ ಎಂದು ಕೇಳಿದರೆ ಒಂದು ಪುಟ್ಟ ವೃತ್ತ ಹಾಕುತ್ತೇವೆ. ಆ ಧ್ವನಿ ಇಂಗ್ಲಿಷ್ ಬರಹದಲ್ಲಿ ಸಿ ಅಕ್ಷರದಿಂದ ಬಂದದ್ದೋ ಎಸ್ ಅಕ್ಷರದಿಂದ ಬಂದದ್ದೋ ಎಂಬುದನ್ನು ಆ ವೃತ್ತ ತಿಳಿಸುವುದಿಲ್ಲ. ಸಾಹೇಬರು ಹೇಳಿದ್ದನ್ನು ಅವರ ವೇಗಕ್ಕೆ ತಕ್ಕಂತೆ ಬರೆದುಕೊಂಡು ಬಂದು ಬೆರಳಚ್ಚು ಯಂತ್ರದ ಮುಂದೆ ಕುಳಿತಾಗ, ಧ್ವನಿಯನ್ನು ಮತ್ತೆ ಕಾಗುಣಿತಕ್ಕೆ ತಿರುಗಿಸುವ ಹೊಣೆ ಪೂರ್ತಿಯಾಗಿ ಶೀಘ್ರಲಿಪಿಗಾರರದು. ಕನ್ನಡ ಲಿಪಿಯ ಸ್ವಭಾವವೂ ಅದೇ. ಪ್ರಿಸೀಡ್, ಪ್ರೊಸೀಡ್, ಸೂಪರ್‌ಸೀಡ್ ಎಂದು ಬರೆದು ನೋಡಿ: ಮೂರರ ಕೊನೆಗೂ ಒಂದೇ ‘ಸೀಡ್’. ಇಂಗ್ಲಿಷಿನಲ್ಲಿ ಆ ಮೂರಕ್ಕೂ ಬೇರೆ ಬೇರೆ ಬಾಲ. ಬರೆದಂತೆ ಓದುವ ಭಾಷೆಯಲ್ಲಿ ಅಕ್ಷರಾಭ್ಯಾಸ ಮಾಡಿದ ನಮಗೆ ಇಲ್ಲಿ ಕಾಲು ತೊಡರುವುದು ಸಹಜ. ಇಂಗ್ಲಿಷ್ ಮನೆಮಾತಾದವರೂ ಇಲ್ಲಿ ಎಡವುತ್ತಾರೆ, ಆದ್ದರಿಂದ ನಮ್ಮ ಮಕ್ಕಳು ಇದಕ್ಕಾಗಿ ತಲೆ ತಗ್ಗಿಸಬೇಕಾಗಿಲ್ಲ.

ಬಾಲಗಳ ಲೆಕ್ಕ ಸುಲಭ. ಸಿ-ಇ-ಇ-ಡಿ ಎಂದು ಮುಗಿಯುವ ಕ್ರಿಯಾಪದಗಳು ಮೂರೇ ಮೂರು: ಎಕ್ಸೀಡ್, ಪ್ರೊಸೀಡ್, ಸಕ್ಸೀಡ್. ಎಸ್-ಇ-ಡಿ-ಇ ಎಂದು ಮುಗಿಯುವುದು ಸೂಪರ್‌ಸೀಡ್ ಒಂದೇ. ಉಳಿದವುಗಳೆಲ್ಲ, ಅಂದರೆ ಪ್ರಿಸೀಡ್, ರಿಸೀಡ್, ಕನ್ಸೀಡ್, ಇಂಟರ್‌ಸೀಡ್, ಒಕ್ಕೂಟದಿಂದ ಬೇರೆಯಾಗುವುದಕ್ಕೆ ಬಳಸುವ ಸಿಸೀಡ್, ಸಿ-ಇ-ಡಿ-ಇ ಗುಂಪಿನವು. ಪ್ರೊಸೀಡ್‌ನಲ್ಲಿ ಎರಡು ಇ ಇದ್ದರೂ ಅದರಿಂದ ಬಂದ ಪ್ರೊಸೀಜರ್‌ನಲ್ಲಿ ಒಂದೇ ಇ ಎಂಬುದನ್ನೂ ನೆನಪಿಡಬೇಕು. ನಮ್ಮ ಸರ್ಕಾರಿ ಆದೇಶಗಳ ತಲೆಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಇರುತ್ತದಲ್ಲ, ಅದರ ಇಂಗ್ಲಿಷ್ ರೂಪವಾದ ಪ್ರೊಸೀಡಿಂಗ್ಸ್‌ನಲ್ಲಿ ಎರಡು ಇ ಉಳಿಯುತ್ತದೆ.

ಇಷ್ಟನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು. ಆದರೆ ಬಾಯಿಪಾಠ ಮಾಡಿದ್ದು ಅವಸರದ ಕೆಲಸದಲ್ಲಿ ಕೈಕೊಡುತ್ತದೆ. ಕಾರಣ ತಿಳಿದಿದ್ದರೆ ಕೈಕೊಡುವುದಿಲ್ಲ. ಈ ಪದದ ಕಾರಣವಂತೂ ಕನ್ನಡಿಗರಿಗೆ ಅಂಗೈಯಲ್ಲೇ ಇದೆ ಎಂಬುದು ನನಗೆ ಬಹಳ ಸಂತೋಷ ಕೊಡುವ ವಿಷಯ.

ಸಿ-ಇ-ಡಿ-ಇ ಗುಂಪಿನ ಮೂಲ ಲ್ಯಾಟಿನ್ನಿನ ‘ಕೇದೆರೆ’. ಅದರ ಅರ್ಥ ಹೋಗುವುದು, ಬಿಟ್ಟುಕೊಡುವುದು. ಮುಂದೆ ಹೋಗುವುದು ಪ್ರಿಸೀಡ್, ಹಿಂದಕ್ಕೆ ಸರಿಯುವುದು ರಿಸೀಡ್. ಸೂಪರ್‌ಸೀಡ್‌ಗೂ ಈ ಧಾತುವಿಗೂ ಸಂಬಂಧವೇ ಇಲ್ಲ. ಅದರ ಮೂಲ ‘ಸೆದೇರೆ’, ಅಂದರೆ ಕುಳಿತುಕೊಳ್ಳುವುದು. ‘ಸೂಪರ್’ ಎಂದರೆ ಮೇಲೆ. ಎರಡೂ ಸೇರಿದರೆ ಮೇಲೆ ಕುಳಿತುಕೊಳ್ಳುವುದು. ಈ ‘ಸೆದ್’ ಮತ್ತು ಸಂಸ್ಕೃತದ ‘ಸದ್’ ಒಂದೇ ಬುಡದಿಂದ ಬಂದವು. ಸದಸ್ಸು, ಸದಸ್ಯ, ಸದನ ಎಲ್ಲವೂ ಆ ಧಾತುವಿನಿಂದ ಬಂದ ಪದಗಳು. ಸುತ್ತ ಕುಳಿತವರದು ಪರಿಷತ್ತು, ಒಟ್ಟಿಗೆ ಕುಳಿತವರದು ಸಂಸತ್ತು, ಗುರುವಿನ ಸಮೀಪ ಕುಳಿತು ಕೇಳಿದ್ದು ಉಪನಿಷತ್ತು. ಲ್ಯಾಟಿನ್ನಿನ ‘ಸೂಪರ್’ ಕೂಡ ನಮ್ಮ ‘ಉಪರಿ’ಯ ಬಂಧುವೇ. ಹಾಗಾಗಿ ಸೂಪರ್‌ಸೀಡ್ ಎಂಬುದನ್ನು ಬಿಡಿಸಿದರೆ ‘ಉಪರಿ’ ಮತ್ತು ‘ಸದ್’ ಎರಡೂ ಕೈಗೆ ಸಿಗುತ್ತವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲ ಇರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು 1786ರಲ್ಲಿ. ಆ ಮಾತಿನ ಫಲವನ್ನು ಬೆರಳಚ್ಚು ಕಲಿಯುವ ಹುಡುಗಿಯೂ ಇವತ್ತು ಬಳಸಿಕೊಳ್ಳಬಹುದು. ಸದಸ್ಯ ಎನ್ನುವಾಗ ಬರುವ ‘ಸ’ವನ್ನೇ ಇಂಗ್ಲಿಷಿನಲ್ಲಿ ಎಸ್ ಎಂದು ಬರೆಯುತ್ತೇವೆ ಎಂದುಕೊಂಡರೆ ಮುಗಿಯಿತು, ಸಿ ಬರೆಯಲು ಕೈ ಒಪ್ಪುವುದಿಲ್ಲ.

ಹಕ್ಕಿಯ ಗೂಡಿಗೆ ನಾವು ಹೇಳುವ ‘ನೀಡ’ ಮತ್ತು ಇಂಗ್ಲಿಷಿನ ‘ನೆಸ್ಟ್’ ಎರಡರಲ್ಲೂ ಇದೇ ಕುಳಿತುಕೊಳ್ಳುವ ಧಾತು ಅಡಗಿದೆ. ವಿಷಯಕ್ಕೆ ನೇರವಾಗಿ ಬೇಕಾಗಿಲ್ಲ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಇನ್ನು ಡಿಕ್ಷನರಿಯ ಪ್ರಶ್ನೆ. ಹುಡುಗಿ ಹೇಳಿದ್ದು ನಿಜ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಸಿ ಇರುವ ರೂಪವನ್ನೂ ದಾಖಲಿಸಿದೆ. ಜೊತೆಗೆ, ಅದನ್ನು ಬಹಳ ಜನ ತಪ್ಪೆಂದೇ ಪರಿಗಣಿಸುತ್ತಾರೆ ಎಂಬ ಟಿಪ್ಪಣಿಯನ್ನೂ ಕೊಟ್ಟಿದೆ. ಆ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ ಎಂಬುದೇ ತೊಂದರೆ. ಸಿ ಬಂದದ್ದು ನಿನ್ನೆ ಮೊನ್ನೆಯೂ ಅಲ್ಲ. ಹಳೆಯ ಫ್ರೆಂಚ್ ಬರಹಗಾರರು ಕೇದೆರೆ ಗುಂಪಿನ ಜೊತೆ ಇದನ್ನೂ ಸೇರಿಸಿ ಸಿ ಹಾಕಿ ಬರೆಯುತ್ತಿದ್ದರು. 15ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಬರಹಗಳಿಗೆ ಆ ಪದ ಫ್ರೆಂಚಿನ ಮೂಲಕ ಬಂದಾಗ ಸಿ ಅಕ್ಷರವೂ ಹಿಂದೆಯೇ ಬಂತು. ಆಗ ಅದರ ಅರ್ಥ ಮುಂದೂಡುವುದು, ತಡೆಹಿಡಿಯುವುದು ಎಂದಿತ್ತು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಕೆಳಗಿನ ನಡವಳಿಯನ್ನು ನಿಲ್ಲಿಸಲು ಹೊರಡಿಸುತ್ತಿದ್ದ ರಿಟ್‌ಗೆ ‘ಸೂಪರ್‌ಸೀಡಿಯಸ್’ ಎಂಬ ಹೆಸರಿರುವುದು ಆ ಅರ್ಥದಿಂದಲೇ. ಒಂದರ ಸ್ಥಾನವನ್ನು ಇನ್ನೊಂದು ತೆಗೆದುಕೊಳ್ಳುವುದು ಎಂಬ ಈಗಿನ ಅರ್ಥ ಗಟ್ಟಿಯಾದದ್ದು 17ನೇ ಶತಮಾನದ ನಂತರ. ಅಷ್ಟರಲ್ಲಿ ಲ್ಯಾಟಿನ್ ಬಲ್ಲವರು ಎಸ್ ಅಕ್ಷರವನ್ನು ಮರಳಿ ತಂದರು, ಅದೇ ನೆಲೆಯೂರಿತು.

ಹಳೆಯ ಕಾಲದಿಂದಲೂ ಸಿ ಇತ್ತಲ್ಲ, ಇರಲಿ ಬಿಡಿ ಎನ್ನುವವರಿಗೆ ನನ್ನ ಉತ್ತರ ಒಂದೇ. ಕತೆ ಬರೆಯುವವರು, ಸ್ನೇಹಿತರಿಗೆ ಪತ್ರ ಬರೆಯುವವರು ತಮ್ಮ ಇಷ್ಟದಂತೆ ಬರೆಯಲಿ. ಒಬ್ಬರ ಸಂಬಳ, ವರ್ಗಾವಣೆ, ಜಮೀನು ನಿರ್ಧರಿಸುವ ಕಾಗದದಲ್ಲಿ ಮಾತ್ರ ಎಲ್ಲರೂ ಒಪ್ಪಿದ ರೂಪವೇ ಇರಬೇಕು. ಆದೇಶವನ್ನು ಪ್ರಶ್ನಿಸುವವರ ವಕೀಲರು ಓದುವುದು ವಿಷಯದ ಸಾಲಿನಿಂದ. ಅಲ್ಲೇ ಅನುಮಾನದ ಅಕ್ಷರ ಸಿಕ್ಕಿದರೆ ಉಳಿದದ್ದನ್ನೂ ಅವರು ಅನುಮಾನದಿಂದಲೇ ಓದುತ್ತಾರೆ. 1963ರ ರಾಜಭಾಷಾ ಅಧಿನಿಯಮದ ನಂತರ ನಮ್ಮ ಕಚೇರಿಗಳ ಆಡಳಿತ ಕನ್ನಡಕ್ಕೆ ಬಂದಿದೆ, ಬರಲೇಬೇಕಿತ್ತು. ಆದರೂ ಹೈಕೋರ್ಟಿಗೆ ಸಲ್ಲಿಸುವ ಪ್ರಮಾಣಪತ್ರ, ಕೇಂದ್ರದ ಜೊತೆಗಿನ ಪತ್ರವ್ಯವಹಾರ ಇಂಗ್ಲಿಷಿನಲ್ಲೇ ಹೋಗುತ್ತವೆ. ಆ ಇಂಗ್ಲಿಷ್ ನಮ್ಮ ಕನ್ನಡದಷ್ಟೇ ಶುದ್ಧವಾಗಿರಬೇಕು ಎಂದು ನಾನು ಬಯಸುತ್ತೇನೆ.

ಕ್ರಿಯಾಪದಕ್ಕಿಂತ ಅದರ ನಾಮಪದದಲ್ಲಿ ಸಿ ಹೆಚ್ಚು ಕಾಣಿಸಿಕೊಳ್ಳುತ್ತದೆ. ‘ಸೂಪರ್‌ಸೆಷನ್’ ಎಂಬುದರ ಬಾಲ ಎಸ್-ಇ-ಎಸ್-ಎಸ್-ಐ-ಒ-ಎನ್. ಸಕ್ಸೆಷನ್, ರಿಸೆಷನ್, ಕನ್ಸೆಷನ್‌ಗಳಲ್ಲಿ ಸಿ ಇರುವುದರಿಂದ ಇಲ್ಲೂ ಸಿ ಇರಬೇಕೆಂದು ತೋರುತ್ತದೆ. ಆದರೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದ ಫಲಕವನ್ನು ನೋಡದ ಜಿಲ್ಲಾ ಕೇಂದ್ರ ಕರ್ನಾಟಕದಲ್ಲಿಲ್ಲ. ಆ ‘ಸೆಷನ್’ ಎಂದರೆ ಕುಳಿತು ನಡೆಸುವ ಕಲಾಪ, ಅದೂ ಸೆದೇರೆಯ ಮಗಳೇ. ಅದೇ ಸೆಷನ್ ಅನ್ನು ಇದ್ದಂತೆಯೇ ತಂದು ಸೂಪರ್ ಮುಂದೆ ಇಟ್ಟರೆ ಸೂಪರ್‌ಸೆಷನ್. ಒಂದು ಅಕ್ಷರವನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ. ಅಕ್ಷರ ಸರಿಯಿದ್ದು ಪದವೇ ತಪ್ಪಾದ ಜಾಗದಲ್ಲಿ ಬಂದರೆ ಆಗುವ ಅನಾಹುತ ಹೆಚ್ಚು.

ಸೂಪರ್‌ಸೀಡ್ ಆಗಬೇಕಾದರೆ ಎರಡು ವಸ್ತು ಬೇಕು: ಎದ್ದುಹೋಗುವ ಹಳೆಯದು, ಆ ಪೀಠದಲ್ಲಿ ಕೂರುವ ಹೊಸದು. ಆದೇಶವನ್ನು ಸುಮ್ಮನೆ ರದ್ದು ಮಾಡಿದರೆ ಪೀಠ ಖಾಲಿ ಬೀಳುತ್ತದೆ, ಅದಕ್ಕೆ ಕ್ಯಾನ್ಸಲ್ ಅಥವಾ ರಿಸಿಂಡ್ ಸರಿಯಾದ ಪದ. ಶಾಸನವನ್ನು ಶಾಸಕಾಂಗ ತೆಗೆದುಹಾಕಿದರೆ ರಿಪೀಲ್. ಮೇಲಿನ ನ್ಯಾಯಾಲಯ ಹಳೆಯ ತೀರ್ಪಿನ ತತ್ವವನ್ನು ತಳ್ಳಿಹಾಕಿದರೆ ಓವರ್‌ರೂಲ್. ಹಳೆಯ ಆದೇಶ ಪೂರ್ತಿಯಾಗಿ ಹೋಗಿ, ಅದು ಹೇಳುತ್ತಿದ್ದ ಎಲ್ಲ ವಿಷಯಗಳ ಬಗ್ಗೆ ಇನ್ನು ಮುಂದೆ ಹೊಸ ಆದೇಶವೇ ಮಾತನಾಡಬೇಕು ಎಂದಾಗ ಮಾತ್ರ ‘ಇನ್ ಸೂಪರ್‌ಸೆಷನ್ ಆಫ್’ ಎಂದು ಆರಂಭಿಸಬೇಕು. ಕನ್ನಡದ ಆದೇಶಗಳಲ್ಲಿ ಇದನ್ನೇ ‘ಅಧಿಕ್ರಮಿಸಿ’ ಎಂದು ಬರೆಯುತ್ತೇವೆ. ಒಂದೆರಡು ಅಂಶ ಬದಲಾಗಿ ಉಳಿದದ್ದು ಹಾಗೆಯೇ ಇರಬೇಕೆಂದರೆ ‘ಇನ್ ಪಾರ್ಷಿಯಲ್ ಮಾಡಿಫಿಕೇಷನ್ ಆಫ್’, ಅಂದರೆ ಭಾಗಶಃ ಮಾರ್ಪಡಿಸಿ. ಹಳೆಯದಕ್ಕೆ ಹೊಸದೇನನ್ನೋ ಸೇರಿಸುವುದಾದರೆ ‘ಇನ್ ಕಂಟಿನ್ಯುಯೇಷನ್ ಆಫ್’. ಈ ಮೂರರಲ್ಲಿ ಯಾವುದು ಎಂದು ಕರಡು ಬರೆಯುವ ಮೊದಲೇ ನಿರ್ಧರಿಸಬೇಕು. ಎಷ್ಟೋ ಕಡೆ ಹಳೆಯ ಕಡತದಲ್ಲಿದ್ದ ಸಾಲನ್ನು ಹಾಗೆಯೇ ಎತ್ತಿ ಹಾಕುತ್ತಾರೆ, ಕಿವಿಗೆ ಗಂಭೀರವಾಗಿ ಕೇಳಿಸುತ್ತದೆ ಎಂಬ ಒಂದೇ ಕಾರಣಕ್ಕೆ.

ಅದರ ಫಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಕಚೇರಿಯಲ್ಲಿ ಕ್ಷೇತ್ರ ಸಿಬ್ಬಂದಿಯ ಪ್ರವಾಸದ ಬಗ್ಗೆ ಹಳೆಯ ಆದೇಶವೊಂದಿತ್ತು. ಯಾರು ಯಾವ ಹೋಬಳಿಗೆ ಹೋಗಬೇಕು, ದಿನಭತ್ಯೆ ಎಷ್ಟು, ರಜಾ ದಿನದಲ್ಲಿ ಹೋದರೆ ಏನು, ಬಿಲ್ಲಿಗೆ ಮಂಜೂರಾತಿ ಕೊಡುವವರು ಯಾರು ಎಲ್ಲವೂ ಅದರಲ್ಲಿತ್ತು. ಅಧಿಕಾರಿಗಳ ಹುದ್ದೆಗಳಲ್ಲಿ ಬದಲಾವಣೆಯಾದಾಗ ಮಂಜೂರಾತಿಯ ಅಂಶವೊಂದನ್ನೇ ತಿದ್ದಬೇಕಿತ್ತು. ಹೊಸ ಆದೇಶ ಹೊರಟಿತು, ಅರ್ಧ ಪುಟ. ಆದರೆ ಅದರ ಮೊದಲ ಸಾಲು ಹಳೆಯ ಆದೇಶವನ್ನು ಸೂಪರ್‌ಸೀಡ್ ಮಾಡಿತ್ತು. ಆ ಸಾಲಿನ ಪ್ರಕಾರ ದಿನಭತ್ಯೆಯ ಅಂಶವೂ ಹೋಯಿತು, ಹೋಬಳಿಗಳ ಪಟ್ಟಿಯೂ ಹೋಯಿತು. ಬಿಲ್ಲುಗಳು ಖಜಾನೆಗೆ ಹೋದಾಗ, ಭತ್ಯೆಗೆ ಆಧಾರವಾದ ಆದೇಶ ಚಾಲ್ತಿಯಲ್ಲಿಲ್ಲ ಎಂಬ ಆಕ್ಷೇಪಣೆಯೊಂದಿಗೆ ಹಿಂದಿರುಗಿದವು. ಖಜಾನೆಯವರು ಮಾಡಿದ್ದು ನಿಯಮದ ಪ್ರಕಾರ ಸರಿ. ತಮ್ಮ ಕೈಯಿಂದ ಬಸ್ ಚಾರ್ಜು ಕೊಟ್ಟು ದೂರದ ಹಳ್ಳಿಗಳಿಗೆ ನೋಟಿಸು ತಲುಪಿಸಿ ಬಂದಿದ್ದ ಜವಾನರು ತಿಂಗಳುಗಟ್ಟಲೆ ಆ ಹಣಕ್ಕೆ ಕಾದರು. ತಿದ್ದುಪಡಿ ಆದೇಶ ಬರುವವರೆಗೆ ಅವರು ನಮ್ಮ ಶಾಖೆಯ ಬಾಗಿಲಿಗೆ ಬಂದು ಕೇಳಿಕೊಂಡು ಹೋಗುತ್ತಿದ್ದದ್ದು ನೆನಪಾದರೆ ಇಂದಿಗೂ ಸಂಕಟವಾಗುತ್ತದೆ. ಭಾಗಶಃ ಎಂಬ ಪದವೊಂದು ಆ ಸಾಲಿನಲ್ಲಿ ಇದ್ದಿದ್ದರೆ ಅವರಿಗೆ ಆ ಅಲೆದಾಟ ಇರುತ್ತಿರಲಿಲ್ಲ.

ಕೇಂದ್ರ ಸರ್ಕಾರದ ನೇಮಕಾತಿ ನಿಯಮಗಳನ್ನು ಬರೆದವರು ಈ ಅಪಾಯವನ್ನು ಬಹಳ ಹಿಂದೆಯೇ ಅರಿತಿದ್ದರು. ಸಂವಿಧಾನದ 309ನೇ ಅನುಚ್ಛೇದದ ಅಡಿಯಲ್ಲಿ ಹೊಸ ನಿಯಮ ಬಂದಾಗ, ಹಳೆಯ ನಿಯಮಗಳನ್ನು ಸೂಪರ್‌ಸೀಡ್ ಮಾಡುವ ಸಾಲಿನಲ್ಲೇ ಒಂದು ರಕ್ಷಣೆ ಇರುತ್ತದೆ: ಹಾಗೆ ಅಧಿಕ್ರಮಿಸುವುದಕ್ಕೆ ಮೊದಲು ಮಾಡಿದ ಅಥವಾ ಮಾಡದೆ ಬಿಟ್ಟ ಕಾರ್ಯಗಳನ್ನು ಹೊರತುಪಡಿಸಿ, ಎಂದು. ಹಳೆಯ ನಿಯಮದ ಅಡಿಯಲ್ಲಿ ನೇಮಕಗೊಂಡವರ ಹುದ್ದೆ, ಆಗಲೇ ಆರಂಭವಾಗಿದ್ದ ಕ್ರಮ ಇವೆಲ್ಲ ಆ ಒಂದು ತುಣುಕಿನ ಆಸರೆಯಲ್ಲಿ ಉಳಿಯುತ್ತವೆ. ಡಿಕ್ಟೇಶನ್ ತೆಗೆದುಕೊಳ್ಳುವಾಗ ಉದ್ದವಾಯಿತೆಂದು ಬೇಸರಪಟ್ಟು ಅದನ್ನು ನುಂಗಬಾರದು. ನನ್ನ ಬಳಿ ಬರುವ ಹುಡುಗಿಯರಿಗೆ ಆ ಸಾಲನ್ನು ಪದೇ ಪದೇ ಬರೆಸುತ್ತೇನೆ.

ಪತ್ರಿಕೆ ಓದುವ ಕನ್ನಡಿಗರಿಗೆ ಈ ಪದ ಪರಿಚಯವಾಗಿರುವುದು ಬೇರೆ ದಾರಿಯಿಂದ: ಪುರಸಭೆ ಸೂಪರ್‌ಸೀಡ್, ಸಹಕಾರ ಸಂಘದ ಆಡಳಿತ ಮಂಡಳಿ ಸೂಪರ್‌ಸೀಡ್. 2015ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ನೇಮಿಸಿದಾಗ ಈ ಪದ ಎಲ್ಲರ ಬಾಯಲ್ಲೂ ಇತ್ತು. ಇಲ್ಲಿ ಧಾತುವಿನ ಅರ್ಥ ಕಣ್ಣಿಗೇ ಕಾಣುತ್ತದೆ. ಸದಸ್ಯರು ಪೀಠ ಬಿಟ್ಟು ಏಳುತ್ತಾರೆ, ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಆದ್ದರಿಂದ ಆಡಳಿತಾಧಿಕಾರಿಯ ನೇಮಕವಿಲ್ಲದೆ, ಅವಧಿ ಮುಗಿದು ಸುಮ್ಮನೆ ವಿಸರ್ಜನೆಯಾದ ಮಂಡಳಿಯನ್ನು ಸೂಪರ್‌ಸೀಡ್ ಆಯಿತು ಎನ್ನುವುದು ಸರಿಯಲ್ಲ. ಸಸ್ಪೆಂಡ್ ಎಂಬುದರ ಜೊತೆಗೂ ಇದನ್ನು ಕಲಸಬಾರದು. ಅಮಾನತ್ತಾದ ಮಂಡಳಿ ತಾತ್ಕಾಲಿಕವಾಗಿ ಅಧಿಕಾರ ಕಳೆದುಕೊಂಡಿರುತ್ತದೆ, ಮತ್ತೆ ಮರಳಬಹುದು. 97ನೇ ತಿದ್ದುಪಡಿಯಿಂದ ಸಹಕಾರ ಸಂಘಗಳ ಬಗ್ಗೆ ಸಂವಿಧಾನಕ್ಕೆ ಸೇರಿದ 243-ಝಡ್‌ಎಲ್ ಅನುಚ್ಛೇದದ ಶೀರ್ಷಿಕೆಯಲ್ಲೇ ಸೂಪರ್‌ಸೆಷನ್ ಮತ್ತು ಸಸ್ಪೆನ್ಷನ್ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾರೆ. ಶಾಸನ ಬರೆಯುವವರು ಎರಡು ಪದ ಬಳಸಿದ್ದರೆ ಅವು ಎರಡು ಬೇರೆ ಸಂಗತಿಗಳು ಎಂದೇ ಓದಬೇಕು.

ಮನುಷ್ಯರನ್ನು ಸೂಪರ್‌ಸೀಡ್ ಮಾಡುವುದೆಂದರೆ ಜ್ಯೇಷ್ಠತೆಯಲ್ಲಿ ಮೇಲಿರುವವರನ್ನು ಬಿಟ್ಟು ಕೆಳಗಿನವರನ್ನು ಮೇಲಿನ ಹುದ್ದೆಯಲ್ಲಿ ಕೂರಿಸುವುದು. ನಮ್ಮ ದೇಶದ ಇತಿಹಾಸದಲ್ಲಿ ಈ ಪದ ಅತ್ಯಂತ ಭಾರವಾಗಿ ಬಿದ್ದದ್ದು 1973ರ ಏಪ್ರಿಲ್‌ನಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರು ಹೊತ್ತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 24ನೇ ತಾರೀಖು ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಾಯಿಸಲಾಗದು ಎಂದು 7 ನ್ಯಾಯಮೂರ್ತಿಗಳು ಹೇಳಿದರು, 6 ಮಂದಿ ಒಪ್ಪಲಿಲ್ಲ. ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಅವರ ನಂತರದ ಜ್ಯೇಷ್ಠತೆಯ ಸಾಲಿನಲ್ಲಿದ್ದವರು ಶೆಲಟ್, ಕೆ.ಎಸ್. ಹೆಗ್ಡೆ, ಗ್ರೋವರ್. ಸರ್ಕಾರ ಮೂವರನ್ನೂ ಬಿಟ್ಟು ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಆ ಮೂವರೂ ಸರ್ಕಾರದ ವಿರುದ್ಧ ನಿಂತ 7 ಮಂದಿಯಲ್ಲಿದ್ದವರು, ರೇ ಅವರು ಆ 6 ಮಂದಿಯಲ್ಲಿ ಒಬ್ಬರು. ಹೆಗ್ಡೆಯವರು ನಮ್ಮ ಕಾರ್ಕಳ ತಾಲ್ಲೂಕಿನ ಕೌಡೂರಿನವರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿಬಂದು, ಅದೇ ವರ್ಷ ಸಭಾಧ್ಯಕ್ಷರಾದರು. 1977ರ ಜನವರಿಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರನ್ನು ಬಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಖನ್ನಾ ಅವರೂ ರಾಜೀನಾಮೆ ನೀಡಿ ಹೊರನಡೆದರು. ಈ ಘಟನೆಗಳನ್ನು ‘ನ್ಯಾಯಮೂರ್ತಿಗಳ ಸೂಪರ್‌ಸೆಷನ್’ ಎಂದೇ ಕರೆಯುತ್ತಾರೆ. ಈ ಹಿನ್ನೆಲೆ ತಿಳಿದವರು ಆ ಪದವನ್ನು ಸಿ ಹಾಕಿ ಬರೆದದ್ದನ್ನು ನೋಡಿದರೆ ನನಗಾಗುವ ನೋವನ್ನು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೇನೆ.

ವ್ಯಾಕರಣದ ವಿಷಯ ಹೆಚ್ಚಿಲ್ಲ. ಇದು ಸಕರ್ಮಕ ಕ್ರಿಯಾಪದ. ಹೊಸದು ಕರ್ತೃ, ಹಳೆಯದು ನೇರವಾಗಿ ಕರ್ಮ. ನಡುವೆ ‘ಓವರ್’ ಬೇಡ, ಏಕೆಂದರೆ ಮೇಲೆ ಎಂಬ ಅರ್ಥ ಸೂಪರ್‌ನಲ್ಲೇ ಇದೆ. ಕರ್ಮಣಿಯಲ್ಲಿ ‘ಬೈ’ ಬರುತ್ತದೆ, ‘ವಿತ್’ ಬರುವುದಿಲ್ಲ. ಮುಂಬಡ್ತಿಯ ಮನವಿಗಳಲ್ಲಿ ಸಾಮಾನ್ಯವಾಗಿ ಕಾಣುವ ಗೊಂದಲ ಕರ್ತೃ ಕರ್ಮಗಳದ್ದು. ಅನ್ಯಾಯವಾದ ಹಿರಿಯರು ‘ನಾನು ಕಿರಿಯರನ್ನು ಸೂಪರ್‌ಸೀಡ್ ಮಾಡಿದ್ದೇನೆ’ ಎಂಬ ಅರ್ಥ ಬರುವ ವಾಕ್ಯ ಬರೆದು ಸಹಿ ಹಾಕಿದ ಅರ್ಜಿಗಳನ್ನು ನಾನು ನೋಡಿದ್ದೇನೆ. ನೊಂದವರ ಮಾತು ಅವರ ವಿರುದ್ಧವೇ ನಿಲ್ಲಬಾರದು, ಆದ್ದರಿಂದ ಅಂಥ ಅರ್ಜಿ ಬಂದಾಗ ಬೆರಳಚ್ಚು ಮಾಡುವವರು ಅವರನ್ನು ಕೇಳಿ, ಅವರ ಒಪ್ಪಿಗೆ ಪಡೆದು ತಿದ್ದಬೇಕು.

ಎಂಜಿನಿಯರಿಂಗ್ ಶಾಖೆಗಳಲ್ಲಿ ಈ ಪದಕ್ಕೆ ರಬ್ಬರ್ ಸ್ಟ್ಯಾಂಪೇ ಇರುತ್ತದೆ. ನಕ್ಷೆ ಪರಿಷ್ಕೃತವಾದಾಗ ಹಳೆಯ ಪ್ರತಿಯ ಮೇಲೆ ಅದನ್ನು ಒತ್ತುತ್ತಾರೆ, ಕೆಲಸದ ಜಾಗದಲ್ಲಿ ಯಾರೂ ಹಳೆಯ ಅಳತೆ ನೋಡಿ ಕಂಬಿ ಕಟ್ಟದಿರಲಿ ಎಂದು. ಮಾನಕಗಳೂ ಹಾಗೆಯೇ. ಕಾಂಕ್ರೀಟ್ ಕೆಲಸಕ್ಕೆ ಎಲ್ಲರೂ ನೋಡುವ ಐಎಸ್ 456ರ 2000ನೇ ಇಸವಿಯ ಪರಿಷ್ಕರಣೆ ಬಂದಾಗ 1978ರದು ಸೂಪರ್‌ಸೀಡ್ ಆಯಿತು. ಅಂಥ ಸ್ಟ್ಯಾಂಪ್ ಮಾಡಿಸುವಾಗ ಅಂಗಡಿಯವರಿಗೆ ಕೊಡುವ ಚೀಟಿಯನ್ನು ಒಮ್ಮೆ ನೋಡಿ. ತಪ್ಪು ಅಕ್ಷರ ರಬ್ಬರಿನಲ್ಲಿ ಕೂತರೆ ಅದು ಸಾವಿರಾರು ಹಾಳೆಗಳ ಮೇಲೆ ಬೀಳುತ್ತದೆ.

ಕಂಪ್ಯೂಟರ್ ಇದೆಯಲ್ಲ, ಕೆಂಪು ಗೆರೆ ಎಳೆದು ಎಚ್ಚರಿಸುತ್ತದಲ್ಲ ಎನ್ನುತ್ತಾರೆ. ಎಳೆಯುತ್ತದೆ, ನಿಜ. ಆದರೆ ಮೈಕ್ರೋಸಾಫ್ಟ್ ವರ್ಡ್‌ನ ಹಲವು ಆವೃತ್ತಿಗಳಲ್ಲಿ ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆದ ಪದಗಳನ್ನು ಪರೀಕ್ಷಿಸದೆ ಬಿಡುವ ಆಯ್ಕೆಯೊಂದು ಮೊದಲೇ ಗುರುತಾಗಿರುತ್ತದೆ. ಅಧಿಸೂಚನೆಗಳ ಶೀರ್ಷಿಕೆಯನ್ನೂ ವಿಷಯದ ಸಾಲನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯುವುದು ನಮ್ಮ ರೂಢಿ. ಹಾಗಾಗಿ ಎಲ್ಲರ ಕಣ್ಣೂ ಮೊದಲು ಬೀಳುವ ಜಾಗವನ್ನೇ ಕಂಪ್ಯೂಟರ್ ನೋಡದೆ ಬಿಡುತ್ತದೆ. ಸೆಟ್ಟಿಂಗಿನ ಆ ಗುರುತನ್ನು ತೆಗೆದುಹಾಕಬಹುದು, ನನ್ನ ಹುಡುಗಿಯರ ಕಂಪ್ಯೂಟರುಗಳಲ್ಲಿ ತೆಗೆಸಿದ್ದೇನೆ.

ಅಕ್ಷರ ಸರಿಯಾಯಿತು, ಪದವೂ ಸರಿಯಾದ ಜಾಗದಲ್ಲಿ ಬಂತು ಎಂದ ಮೇಲೆ ಉಳಿಯುವುದು ಕಡತದ ಕೆಲಸ. ಸೂಪರ್‌ಸೀಡ್ ಆಗುವ ಆದೇಶದ ಸಂಖ್ಯೆ ಮತ್ತು ದಿನಾಂಕ, ಹಿಂದಿನ ಕಾಗದಗಳನ್ನು ಪಟ್ಟಿ ಮಾಡುವ ‘ಓದಲಾಗಿದೆ’ ಎಂಬ ಭಾಗದಲ್ಲಿ ಇರಲೇಬೇಕು. ‘ಹಿಂದಿನ ಎಲ್ಲ ಆದೇಶಗಳನ್ನು’ ಎಂದು ಬರೆದು ಕೈತೊಳೆದುಕೊಂಡರೆ, ಹಿಂದಿನ ಆದೇಶಗಳು ಯಾವುವು ಎಂದು ಹುಡುಕುವ ಕಷ್ಟ ಮುಂದಿನ ಗುಮಾಸ್ತರಿಗೆ ಬರುತ್ತದೆ. ಹೊಸದರ ಒಂದು ಪ್ರತಿಯನ್ನು, ಆದೇಶಗಳ ಪ್ರತಿಗಳನ್ನು ಒಟ್ಟಿಗೆ ಇಡುವ ಗಾರ್ಡ್ ಫೈಲಿನಲ್ಲಿ ಹಳೆಯದರ ಪಕ್ಕಕ್ಕೇ ಸೇರಿಸಿ, ಹಳೆಯದರ ಮೊದಲ ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ಹೊಸದರ ಸಂಖ್ಯೆ, ದಿನಾಂಕ ಬರೆದು ಚಿಕ್ಕ ಸಹಿ ಹಾಕಬೇಕು. ಹಳೆಯ ಹಾಳೆಯನ್ನು ಕಿತ್ತು ಬಿಸಾಡಬಾರದು, ಅದು ಜಾರಿಯಲ್ಲಿದ್ದಾಗ ನಡೆದ ಕೆಲಸಗಳಿಗೆ ಇಂದಿಗೂ ಅದೇ ಆಧಾರ.